ಬಸ್ತಿಹಳ್ಳಿಯ ಸೋರೆಬುರುಡೆ, ನೇತ್ರಾಣಿಯ ಸೀಸ

ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನ ಗುಡಿಯ ಗೋಡೆಗಳಲ್ಲಿಯೇ ಕಣ್ಣು ದಣಿಸಿಕೊಂಡು, ಕೂಗಳತೆಗೆ ಸ್ವಲ್ಪ ಆಚೆಗಿರುವ ಬಸ್ತಿಹಳ್ಳಿಯನ್ನು ನೋಡದೆಯೇ ಹಿಂದಿರುಗುವುದುಂಟು. ಅದು ಅನ್ಯಾಯವೇ ಸರಿ. ಅಲ್ಲಿರುವ ಮೂರು ಬಸದಿಗಳಲ್ಲಿ ಪಾರ್ಶ್ವನಾಥನದು, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ್ದು. ಹೊರಗೋಡೆಯಲ್ಲಿ ಆಡಂಬರವಿಲ್ಲ. ಒಳಗೆ ಕಾಲಿಟ್ಟರೆ ಬಳಪದ ಕಲ್ಲಿನ ಕಂಬಗಳು ಎದುರು ನಿಂತವರ ನೆರಳನ್ನು ಕನ್ನಡಿಯಂತೆ ಹಿಡಿದು ತೋರಿಸುತ್ತವೆ. ಅವುಗಳಾಚೆ, ಸರ್ಪದ ಹೆಡೆಗಳ ಕೆಳಗೆ, ಕಾಯೋತ್ಸರ್ಗದಲ್ಲಿ ನಿಂತ ಎತ್ತರದ ಮೂರ್ತಿ. ಮೈಯಲ್ಲಿ ಎಲ್ಲಿಯೂ ಬಿಗಿಯಿಲ್ಲ, ಎಲ್ಲಿಯೂ ವಾಲಿಲ್ಲ.

ಜೈನರ ತತ್ತ್ವಾರ್ಥಸೂತ್ರದ ಕೊನೆಯ ಅಧ್ಯಾಯದಲ್ಲಿ, ಮುಕ್ತಾತ್ಮನು ಊರ್ಧ್ವಮುಖನಾಗಿ ಸಾಗುವುದಕ್ಕೆ ಕೊಟ್ಟಿರುವ ಹೋಲಿಕೆಗಳಲ್ಲಿ ಸೋರೆಬುರುಡೆಯೂ ಒಂದು. ಮಣ್ಣು ಮೆತ್ತಿದ ಬುರುಡೆ ನೀರಿನ ತಳ ಸೇರುತ್ತದೆ. ಮಣ್ಣು ಕರಗಿದಂತೆ ತಾನಾಗಿ ಮೇಲೇಳುತ್ತದೆ. ಕರ್ಮವೇ ಆ ಮಣ್ಣು. ಈಜು ಕಲಿಯುವ ಹುಡುಗರ ಬೆನ್ನಿಗೆ ಒಣಬುರುಡೆ ಕಟ್ಟಿ ಬಾವಿಗಿಳಿಸುತ್ತಿದ್ದ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಬುರುಡೆಯು ಮೇಲಕ್ಕೂ ಏಳದೆ, ತಳಕ್ಕೂ ಇಳಿಯದೆ ನಡುನೀರಿನಲ್ಲಿಯೇ ನಿಲ್ಲಬೇಕಾದರೆ ಎಷ್ಟು ಮಣ್ಣು ಮೆತ್ತಬೇಕು? ಸೂತ್ರಕಾರನಿಗೆ ಈ ಪ್ರಶ್ನೆ ಬೇಕಿರಲಿಲ್ಲ. ಬೇಲೂರಿನ ಸೀಮೆಯಿಂದ ಘಟ್ಟವಿಳಿದು, ಕಡಲ ಅಂಚು ಹಿಡಿದು ಮುರುಡೇಶ್ವರಕ್ಕೆ ಹೋದರೆ, ಇದನ್ನೇ ದಿನವೂ ಕೇಳಿಕೊಳ್ಳುವ ಜನರು ಸಿಕ್ಕುತ್ತಾರೆ. ಅವರು ಸ್ಕೂಬಾ ಮುಳುಗುಗಾರರು. ಅವರ ಮಣ್ಣು ಸೀಸ.

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಮೇಲೆ ಕಡಿದಾದ ಬಂಡೆ, ಕಾಡು, ಕಡಲಹದ್ದುಗಳ ಗೂಡು. ಕೆಳಗೆ ಹವಳ, ಅದರ ಸಂದುಗೊಂದುಗಳಲ್ಲಿ ಬಣ್ಣಬಣ್ಣದ ಮೀನು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ದೋಣಿಗಳು ಹೊರಡುತ್ತವೆ. ಮೊದಲ ಸಲ ಬಂದವರನ್ನು ಶಿಕ್ಷಕರೇ ಕೈಹಿಡಿದು ಇಳಿಸುತ್ತಾರೆ, ಸೀಸವನ್ನೂ ಅವರೇ ಲೆಕ್ಕ ಹಾಕಿ ಕಟ್ಟುತ್ತಾರೆ. ವಿದ್ಯೆ ಕಲಿತು ತಾವೇ ಇಳಿಯಬೇಕೆನ್ನುವವರಿಗೆ ಮಾತ್ರ ಲೆಕ್ಕ ತಪ್ಪದು.

ಗಾಳಿ ತುಂಬಿದ ಶ್ವಾಸಕೋಶ ಮತ್ತು ರಬ್ಬರಿನ ಉಡುಪು ಮನುಷ್ಯನನ್ನು ತೇಲಿಸುತ್ತವೆ. ಅದಕ್ಕೆ ಪ್ರತಿಯಾಗಿ ಸೀಸ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಭಾರ. ಆದುದರಿಂದ ಸಲಕರಣೆಸಮೇತ ನೂರು ಲೀಟರು ನೀರನ್ನು ಸರಿಸುವ ಆಸಾಮಿಗೆ ಹಳೇಬೀಡಿನ ಕೆರೆಯಲ್ಲಿ ಸಾಕಾಗುವ ಸೀಸ ನೇತ್ರಾಣಿಯಲ್ಲಿ ಎರಡೂವರೆ ಕಿಲೋಗ್ರಾಮು ಕಡಮೆ ಬೀಳುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಗಾಳಿಗೂ ತೂಕವುಂಟಷ್ಟೆ! 11 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ ಎರಡೂವರೆ ಕಿಲೋಗ್ರಾಮಿಗೂ ಮಿಕ್ಕಿರುತ್ತದೆ. ಉಸಿರಾಡಿದಂತೆಲ್ಲ ಅದರಲ್ಲಿ ಎರಡು ಕಿಲೋಗ್ರಾಮಿನಷ್ಟು ಗುಳ್ಳೆಯಾಗಿ ಹೋಗುತ್ತದೆ. ಹೊತ್ತು ಕಳೆದಂತೆ ಮುಳುಗುಗಾರ ಹಗುರಾಗುತ್ತಾನೆ. ಮೇಲೇರುವ ಮುನ್ನ ಐದು ಮೀಟರು ಆಳದಲ್ಲಿ ಮೂರು ನಿಮಿಷ ತಂಗುವುದು ವಾಡಿಕೆ. ಸಿಲಿಂಡರು ಬಹುಪಾಲು ಬರಿದಾದ ಆ ಮೂರು ನಿಮಿಷದಲ್ಲಿ ಅಲ್ಲಾಡದೆ ನಿಲ್ಲುವುದಕ್ಕೆ ಸಾಲುವಷ್ಟು ಸೀಸವೇ ಸರಿಯಾದ ಸೀಸ. ಅದಕ್ಕಿಂತ ಒಂದು ತುಂಡೂ ಹೆಚ್ಚು ಬೇಡ.

ಆದರೆ ಭಯವಿದ್ದವರು ಹೆಚ್ಚನ್ನೇ ಬಯಸುತ್ತಾರೆ. ಇಳಿಯುವುದು ಸುಲಭವಾಗಲೆಂದು ಎರಡು ತುಂಡು ಹೆಚ್ಚಿಗೆ ಕಟ್ಟಿಕೊಳ್ಳುತ್ತಾರೆ. ಅಲ್ಲಿಂದ ಫಜೀತಿ ಆರಂಭ. ಹೆಚ್ಚಿನ ಭಾರವನ್ನು ಹೊರಲು ಜಾಕೆಟ್ಟಿಗೆ ಗಾಳಿ ತುಂಬಬೇಕು. ಗಾಳಿ ಎದೆಯನ್ನು ಎತ್ತುತ್ತದೆ, ಸೊಂಟದ ಸೀಸ ಕೆಳಗೆಳೆಯುತ್ತದೆ. ಮೀನಿನಂತೆ ಅಡ್ಡಡ್ಡಲಾಗಿ ಸಾಗಬೇಕಾದ ದೇಹವು ಗೋಡೆಗೆ ಒರಗಿಸಿದ ಏಣಿಯಂತೆ ಓರೆಯಾಗುತ್ತದೆ. ನೀರನ್ನು ಸೀಳುವ ಬದಲು ತಳ್ಳಬೇಕಾಗುತ್ತದೆ, ಏದುಸಿರು ಬರುತ್ತದೆ, ಗಾಳಿ ಬೇಗ ತೀರುತ್ತದೆ. ಕಾಲಿನ ರಬ್ಬರ್ ರೆಕ್ಕೆಗಳು ಕೆಳಗಿನ ಹವಳಕ್ಕೆ ಬಡಿಯುತ್ತವೆ. ಹವಳವು ಕಲ್ಲಲ್ಲ, ಜೀವಿಗಳು ಕಟ್ಟಿದ ಮನೆ. ಅದರ ಹಲವು ಜಾತಿಗಳು ವರ್ಷಕ್ಕೆ ಕೆಲವೇ ಸೆಂಟಿಮೀಟರು ಬೆಳೆಯುತ್ತವೆ. ಮುರಿಯಲು ಒಂದು ಒದೆ ಸಾಕು.

ಮುಳುಗುಗಾರನಿಗೂ ಅಪಾಯವಿದೆ. ಮೇಲೇರುವಾಗ ಜಾಕೆಟ್ಟಿನ ಗಾಳಿ ಹಿಗ್ಗುತ್ತದೆ. ಹತ್ತು ಮೀಟರಿನಲ್ಲಿದ್ದ ಒಂದು ಲೀಟರು ನೀರಿನ ಮೇಲ್ಮಟ್ಟದಲ್ಲಿ ಎರಡಾಗುತ್ತದೆ. ಅದನ್ನು ಸಕಾಲದಲ್ಲಿ ಬಿಡದವನು ಬುರುಡೆಯಂತೆ ಚಿಮ್ಮುತ್ತಾನೆ. ಗಾಬರಿಯಲ್ಲಿ ಉಸಿರನ್ನೂ ಕಟ್ಟಿದನೆಂದರೆ ಶ್ವಾಸಕೋಶವೇ ಹರಿಯಬಹುದು. ಸೀಸ ಹೆಚ್ಚಿದಷ್ಟೂ ಜಾಕೆಟ್ಟಿನ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಚಿಮ್ಮುವ ಭಯ ಹೆಚ್ಚು. ಧೈರ್ಯಕ್ಕೆಂದು ಕಟ್ಟಿಕೊಂಡ ಭಾರ ಹೀಗೆ ತಿರುಗಿ ಬೀಳುತ್ತದೆ.

ಪರೀಕ್ಷೆ ಸರಳವಾದುದು. ನೀರಿನ ಮೇಲ್ಮಟ್ಟದಲ್ಲಿ, ಶಿಕ್ಷಕರ ಕಣ್ಣೆದುರಿಗೆ, ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು ನೆಟ್ಟಗೆ ನಿಲ್ಲಬೇಕು. ಸಾಧಾರಣ ಉಸಿರು ಒಳಗಿರುವಾಗ ನೀರು ಕಣ್ಣಿನ ಮಟ್ಟಕ್ಕಿರಬೇಕು. ಉಸಿರು ಬಿಟ್ಟೊಡನೆ ಮೆಲ್ಲನೆ ಇಳಿಯಬೇಕು. ಸಿಲಿಂಡರು ತುಂಬಿದ್ದರೆ, ಖರ್ಚಾಗಲಿರುವ ಗಾಳಿಗೆಂದು ಇನ್ನೆರಡು ಕಿಲೋಗ್ರಾಮು ಸೇರಿಸಬೇಕು. ಎಷ್ಟು ಎಂಬುದು ತೀರಿದ ಮೇಲೆ ಎಲ್ಲಿ ಎಂಬುದು. ಕಾಲು ಜೋಲುವವರು ಸೊಂಟದ ಒಂದೆರಡು ತುಂಡನ್ನು ಸಿಲಿಂಡರಿನ ಪಟ್ಟಿಗೆ, ಹೆಗಲ ಹತ್ತಿರಕ್ಕೆ ಏರಿಸಿಕೊಳ್ಳುತ್ತಾರೆ. ಕೆಲವೊಮ್ಮೆ ಸಿಲಿಂಡರನ್ನೇ ನಾಲ್ಕು ಬೆರಳು ಮೇಲಕ್ಕೆ ಸರಿಸಿದರೆ ಸಾಕು.

ಇಷ್ಟಾದರೆ ಮಿಕ್ಕ ಕೆಲಸ ಉಸಿರಿನದು. ಅರ್ಧ ಲೀಟರು ಹೆಚ್ಚಿಗೆ ಎಳೆದುಕೊಂಡರೆ ಅರ್ಧ ಕಿಲೋಗ್ರಾಮಿನಷ್ಟು ಎತ್ತುವಿಕೆ. ಬಿಟ್ಟರೆ ಅಷ್ಟೇ ಇಳಿತ. ನುರಿತವರು ಹವಳದ ಮೇಲೆ ಮೊಳದಷ್ಟು ಎತ್ತರದಲ್ಲಿ, ಕೈ ಮಡಚಿ, ಕಾಲು ಆಡಿಸದೆ ನಿಂತಿರುವಾಗ ಮೀನುಗಳು ಹೆದರದೆ ಹತ್ತಿರ ಬರುತ್ತವೆ. ದೋಣಿಗೆ ಮರಳಿದ ಮೇಲೆ ಅವರು ಉಡುಪು ಯಾವುದು, ಸೀಸ ಎಷ್ಟು, ಕೊನೆಯ ಮೂರು ನಿಮಿಷ ಹೇಗಿತ್ತು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೆಲವರ ಪುಸ್ತಕದಲ್ಲಿ ಸೀಸದ ಅಂಕಿ ಪುಟದಿಂದ ಪುಟಕ್ಕೆ ಇಳಿಯುತ್ತ ಬಂದಿರುತ್ತದೆ.