ಎಸೆತದ ಗೆರೆಯ ಮೇಲೆ ನಿಂತವರು

ಕ್ರೀಡಾಂಗಣವೂ ಒಂದು ಪಾಠಶಾಲೆ. ಅಲ್ಲಿ ಚೆಂಡು ಯಾರ ಕುಲವನ್ನೂ ವಿಚಾರಿಸುವುದಿಲ್ಲ. ಚುರುಕಾದ ಕೈಯ ಮಾತನ್ನು ಮಾತ್ರ ಕೇಳುತ್ತದೆ. ಆದರೆ ಆ ಅಂಗಣದೊಳಕ್ಕೆ ಯಾರನ್ನು ಬಿಡಬೇಕು, ಯಾರನ್ನು ಹೊರಗೆ ನಿಲ್ಲಿಸಬೇಕು ಎಂದು ನಿರ್ಧರಿಸುವವರು ಮನುಷ್ಯರು. ಮೂರು ದಶಕ ದೈಹಿಕ ಶಿಕ್ಷಣದ ಅಧ್ಯಾಪಕನಾಗಿ ದುಡಿದ ನನಗೆ ಇದು ಅನುಭವದಿಂದ ತಿಳಿದ ಮಾತು. ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸುವಾಗ ನಾನು ತಪ್ಪದೆ ಹೇಳುತ್ತಿದ್ದ ಒಂದು ನಿಜಸಂಗತಿಯನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇನೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಪಶ್ಚಿಮದ ಅಂಚಿನಲ್ಲಿ, ಮೆಕ್ಸಿಕೋ ಗಡಿಗೆ ಹೊಂದಿಕೊಂಡು ಎಲ್ ಪಾಸೋ ಎಂಬ ಊರಿದೆ. ಅಲ್ಲಿಯ ಟೆಕ್ಸಾಸ್ ವೆಸ್ಟರ್ನ್ ಕಾಲೇಜಿಗೆ 1961ರಲ್ಲಿ ಡಾನ್ ಹ್ಯಾಸ್ಕಿನ್ಸ್ ಎಂಬ ತರುಣ ತರಬೇತುದಾರರು ಬಂದರು. ಅದಕ್ಕೆ ಮೊದಲು ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ಕಲಿಸಿದವರು. ಎಲ್ ಪಾಸೋಕ್ಕೆ ಬಂದಾಗ ಹೆಂಡತಿ ಮಕ್ಕಳೊಡನೆ ವಿದ್ಯಾರ್ಥಿನಿಲಯದಲ್ಲಿಯೇ ಸಂಸಾರ ಹೂಡಿದರು. ಎದುರಾಳಿಗೆ ಸುಲಭವಾಗಿ ಅಂಕ ಬಿಟ್ಟುಕೊಡಬಾರದೆಂಬ ಪಾಠವನ್ನು ತಮ್ಮ ಗುರು ಹೆನ್ರಿ ಐಬಾ ಅವರಿಂದ ಕಲಿತಿದ್ದರು. ಅದನ್ನೇ ಬೆವರಿಳಿಯುವಂತೆ ಶಿಷ್ಯರಿಗೆ ಅಭ್ಯಾಸ ಮಾಡಿಸಿದರು.

ಅಂದಿನ ಅಮೆರಿಕದ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಸಾರ್ವಜನಿಕ ಸ್ಥಳಗಳಲ್ಲಿ ವರ್ಣಭೇದವನ್ನು ನಿಷೇಧಿಸಿದ ಕಾನೂನು 1964ರಲ್ಲಿ ಜಾರಿಗೆ ಬಂದಿತ್ತು. ಆದರೂ ದಕ್ಷಿಣದ ಅನೇಕ ವಿಶ್ವವಿದ್ಯಾಲಯಗಳ ತಂಡಗಳಲ್ಲಿ ಕಪ್ಪು ವರ್ಣದ ಒಬ್ಬ ಆಟಗಾರನೂ ಇರಲಿಲ್ಲ. ಅವರನ್ನು ಸೇರಿಸಿಕೊಂಡ ಎಷ್ಟೋ ಕಡೆಗಳಲ್ಲಿಯೂ ಏಕಕಾಲಕ್ಕೆ ಇಷ್ಟೇ ಮಂದಿ ಆಡಬೇಕೆಂಬ ಅಲಿಖಿತ ಮಿತಿಯಿತ್ತು. ಹ್ಯಾಸ್ಕಿನ್ಸರು ಡೆಟ್ರಾಯಿಟ್, ಗ್ಯಾರಿ, ನ್ಯೂಯಾರ್ಕ್, ಹ್ಯೂಸ್ಟನ್ ಕಡೆಗಳಿಂದ ಪ್ರತಿಭಾವಂತ ಹುಡುಗರನ್ನು ಕರೆತಂದು, ಯಾರು ಚೆನ್ನಾಗಿ ಆಡುವರೋ ಅವರನ್ನೇ ಕಣಕ್ಕಿಳಿಸಿದರು.

1965-66ರ ಋತುವಿನಲ್ಲಿ ಈ ತಂಡ ಸತತ 23 ಪಂದ್ಯಗಳನ್ನು ಗೆದ್ದು, ಸಿಯಾಟಲ್ ತಂಡದೆದುರು ಕೇವಲ 2 ಅಂಕಗಳಿಂದ ಸೋತಿತು. ಆ ಸೋಲಿನಿಂದ ಧೃತಿಗೆಡದೆ ರಾಷ್ಟ್ರೀಯ ಪಂದ್ಯಾವಳಿಗೆ ಹೋಯಿತು. ಅಲ್ಲಿ ಸಿನ್ಸಿನಾಟಿಯ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ, ಕಾನ್ಸಾಸ್ ವಿರುದ್ಧ ಎರಡು ಹೆಚ್ಚುವರಿ ಅವಧಿಗಳ ತರುವಾಯ ಒಂದೇ ಒಂದು ಅಂಕದಿಂದ ಜಯಿಸಿತು. 1966ರ ಮಾರ್ಚ್ 19ರಂದು ಮೇರಿಲ್ಯಾಂಡಿನ ಕಾಲೇಜ್ ಪಾರ್ಕ್‌ನಲ್ಲಿ ಅಂತಿಮ ಪಂದ್ಯ ನಡೆಯಿತು. ಎದುರಿಗಿದ್ದುದು ದೇಶದಲ್ಲಿ ಮೊದಲ ಸ್ಥಾನದ ಕೆಂಟಕಿ; ಅಡಾಲ್ಫ್ ರಪ್ ಅವರು ತರಬೇತು ಮಾಡಿದ, ಬಿಳಿಯರೇ ತುಂಬಿದ್ದ ತಂಡ. ಹ್ಯಾಸ್ಕಿನ್ಸರು ಆರಂಭಕ್ಕೆ ಇಳಿಸಿದ ಐವರೂ ಕಪ್ಪು ವರ್ಣದವರು. ಅಂತಿಮ ಪಂದ್ಯದಲ್ಲಿ ಹಾಗೆ ನಡೆದದ್ದು ಅದೇ ಮೊದಲು.

ಮೊದಲರ್ಧದಲ್ಲಿ ಬಾಬಿ ಜೋ ಹಿಲ್ ಎಂಬಾತನು ಎದುರಾಳಿಗಳ ಕೈಯಿಂದ ಬೆನ್ನುಬೆನ್ನಿಗೆ ಎರಡು ಬಾರಿ ಚೆಂಡನ್ನು ಕಸಿದೊಯ್ದು ಬುಟ್ಟಿಗೆ ಹಾಕಿದನು. ಕೊನೆಗೆ ಟೆಕ್ಸಾಸ್ ವೆಸ್ಟರ್ನ್ 72, ಕೆಂಟಕಿ 65. ಲೆಕ್ಕವನ್ನು ಬಿಡಿಸಿ ನೋಡಿದರೆ ಇನ್ನೊಂದು ಸ್ವಾರಸ್ಯವಿದೆ. ಆಟದ ನಡುವೆ ಹೆಚ್ಚು ಬುಟ್ಟಿ ಹಾಕಿದವರು ಕೆಂಟಕಿಯವರೇ: ಅವರದು 27, ಇವರದು 22. ಆದರೆ ಎದುರಾಳಿಯ ತಪ್ಪಿಗೆ ಪ್ರತಿಯಾಗಿ ದೊರೆತ 34 ಮುಕ್ತ ಎಸೆತಗಳಲ್ಲಿ ಇವರು 28ನ್ನು ಸಾಧಿಸಿದರು. ಆ ಗೆರೆಯ ಮೇಲೆ ಆಟಗಾರನು ಏಕಾಕಿ. ಓಟವಿಲ್ಲ, ಆಸರೆಯಿಲ್ಲ; ಸಾವಿರಾರು ಕಣ್ಣುಗಳು ಅವನೊಬ್ಬನ ಮೇಲಿರುತ್ತವೆ. ಒತ್ತಡದಲ್ಲಿ ಇಂಥವರ ಮನಸ್ಸು ನಿಲ್ಲದೆಂದು ಹಳಿಯುತ್ತಿದ್ದ ಜನರಿಗೆ ಉತ್ತರ ಆ ಗೆರೆಯ ಮೇಲೆಯೇ ದೊರೆಯಿತು.

ಗೆದ್ದ ಮಾತ್ರಕ್ಕೆ ಎಲ್ಲವೂ ಸುಖಾಂತವಾಗಲಿಲ್ಲ. ಹ್ಯಾಸ್ಕಿನ್ಸರಿಗೆ ದ್ವೇಷದ ಪತ್ರಗಳು ರಾಶಿರಾಶಿಯಾಗಿ ಬಂದವು. 1968ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಲೇಖನಮಾಲೆಯು, ಅದೇ ವಿದ್ಯಾಸಂಸ್ಥೆಯಲ್ಲಿ ಕಪ್ಪು ವರ್ಣದ ಕ್ರೀಡಾಪಟುಗಳು ಅನುಭವಿಸುತ್ತಿದ್ದ ಅವಮಾನಗಳನ್ನು ಎತ್ತಿ ತೋರಿಸಿತು. ಅಂಗಣದಲ್ಲಿ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಮನೆಯ ಬಾಗಿಲನ್ನು ತೆರೆದಿರಲಿಲ್ಲ. ಆದರೂ ಕಾಲ ಚಲಿಸಿತು. ಕೆಂಟಕಿಯ ತಂಡವೂ ಕೆಲವೇ ವರ್ಷಗಳಲ್ಲಿ ಕಪ್ಪು ವರ್ಣದ ಆಟಗಾರರಿಗೆ ತೆರೆಯಿತು. 2007ರಲ್ಲಿ ಆ 1966ರ ಇಡೀ ತಂಡಕ್ಕೆ ಬಾಸ್ಕೆಟ್‌ಬಾಲ್ ಕೀರ್ತಿಮಂದಿರದ ಗೌರವ ಸಂದಿತು. ಮರುವರ್ಷ ಹ್ಯಾಸ್ಕಿನ್ಸರು ತೀರಿಕೊಂಡರು.

ಇದು ದೂರದೇಶದ ಮಾತಾಯಿತು. ನಾನು ಸೇವೆಯಲ್ಲಿದ್ದಾಗ ಒಂದು ಸಂಸ್ಥೆಯಲ್ಲಿ ಅಂತರಕಾಲೇಜು ಪಂದ್ಯಗಳಿಗಾಗಿ 12 ಹುಡುಗರ ಪಟ್ಟಿ ಮಾಡಿ ಹಿರಿಯರ ಮುಂದಿಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಓದಿ, “ಮಾಸ್ತರರೇ, ಸಂಸ್ಥೆ ನಮ್ಮವರದು. ಇದರಲ್ಲಿ ನಮ್ಮ ಹುಡುಗರು ನಾಲ್ವರೇ ಇದ್ದಾರಲ್ಲ?” ಎಂದರು.

“ಯಜಮಾನರೇ, ನಾಳೆ ಬೆಳಿಗ್ಗೆ 6 ಗಂಟೆಗೆ ಮೈದಾನಕ್ಕೆ ದಯಮಾಡಿಸಿ. ಯಾರನ್ನು ಬಿಡಬೇಕೆಂದು ತಾವೇ ಹೇಳಿರಿ” ಎಂದೆ.

ಅವರು ಬಂದರು. ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಮೌನವಾಗಿ ಕುಳಿತರು. ಬಳಿಕ ಪಟ್ಟಿಯನ್ನು ಕೇಳಿ ಪಡೆದು, ಒಂದು ಹೆಸರನ್ನೂ ತಿದ್ದದೆ ಸಹಿ ಮಾಡಿದರು. ನಮ್ಮ ತಂಡ ಎರಡನೆಯ ಸುತ್ತಿನಲ್ಲಿಯೇ ಸೋತು ಬಂದಿತು. ಇನ್ನು ಮಾತು ಕೇಳಬೇಕಾದೀತೆಂದು ನಾನು ಅಳುಕಿದ್ದೆ. ಆದರೆ ಆ ಹಿರಿಯರು ಹನ್ನೆರಡು ಹುಡುಗರನ್ನೂ ಮನೆಗೆ ಕರೆಸಿ, ಒಂದೇ ಪಂಕ್ತಿಯಲ್ಲಿ ಕೂರಿಸಿ, ಹೋಳಿಗೆಯ ಊಟ ಮಾಡಿಸಿದರು. ಬಡಿಸುತ್ತಿದ್ದ ಆ ಮನೆಯ ತಾಯಿ ಯಾರ ಹೆಸರನ್ನೂ ಕೇಳಲಿಲ್ಲ, “ಇನ್ನೊಂದು ಹಾಕಲೇನಪ್ಪಾ?” ಎಂದಷ್ಟೇ ಕೇಳುತ್ತಿದ್ದರು.

ಎಲ್ ಪಾಸೋದ ವಿಜೇತರಿಗೆ ಪ್ರಶಸ್ತಿಯೊಡನೆ ದೊರೆಯಬೇಕಾಗಿದ್ದ ಆದರವು ನಮ್ಮ ಸೋತ ಹುಡುಗರಿಗೆ ಅಂದು ದೊರೆಯಿತೆಂದು ನಾನು ಭಾವಿಸಿದ್ದೇನೆ. ದುಡಿಮೆಯನ್ನೇ ಕಾಯಕವೆಂದು ಗೌರವಿಸುವ ಮನೆತನಗಳು ನಮ್ಮವು. ನಮ್ಮ ಶಾಲೆ ಕಾಲೇಜುಗಳಲ್ಲಿ, ವಿದ್ಯಾರ್ಥಿನಿಲಯಗಳಲ್ಲಿ ಹುಡುಗನ ಕೈಯ ಕಸುವನ್ನು ನೋಡಿ ಅವಕಾಶ ಕೊಡೋಣ. ಆಟ ಮುಗಿದ ಮೇಲೆ, ಗೆಲ್ಲಲಿ ಸೋಲಲಿ, ಅವನನ್ನು ನಮ್ಮ ಪಂಕ್ತಿಗೂ ಕರೆಯೋಣ.