ಚಾದ ಚಮಚಾ ಮತ್ತು ಸರಾಫರ ತಕ್ಕಡಿ

ನಾನು ಏಳನೇ ಇಯತ್ತೆ ಕಲಿತವ. ಭಜನಿ ಪದ ನೂರಾರು ಬಾಯಿಪಾಠ ಅದಾವ, ಆದರ ದಶಾಂಶದ ಲೆಕ್ಕ ಅಂದ್ರ ಸಾಲ್ಯಾಗ ಇದ್ದಾಗಿಂದ ನನಗ ಅಂಜಿಕೆ. ದ್ರಾಕ್ಷಿ ಬಾಗು ಮಾಡಿದ ಮ್ಯಾಲ ಅದರಿಂದ ತಪ್ಪಿಸಿಕೊಳ್ಳಾಕ ಆಗಲಿಲ್ಲ.

ನಮ್ಮ ಬುಧಗಾಂವ, ತಾಸಗಾಂವ ಕಡೆ ದ್ರಾಕ್ಷಿಗೆ ಜಿಎ ಹೊಡೆಯೋದು ಎಲ್ಲರಿಗೂ ಗೊತ್ತು. ಅದರ ಪೂರಾ ಹೆಸರು ಜಿಬ್ಬರೆಲಿಕ್ ಆಸಿಡ್. ಗೊನಿ ಗಿಳಿ ಬಣ್ಣಕ್ಕ ಬಂದಾಗ, ಮರಾಠಿ ಮಂದಿ ಪೋಪಟಿ ಅಂತಾರಲ್ಲ ಆಗ, 10 ಪಿಪಿಎಂ ಹೊಡೀತೀವಿ. ಅಂದ್ರ 100 ಲೀಟರ್ ನೀರಿಗೆ ಬರೇ 1 ಗ್ರಾಂ ಪುಡಿ. ಅದು ನೀರಾಗ ನೆಟ್ಟಗ ಕರಗೂದಿಲ್ಲ, ಮೊದಲ ಅಸಿಟೋನಿನ್ಯಾಗ ಕರಗಿಸಬೇಕು.

ಒಂದ ವರ್ಷ 200 ಲೀಟರ್ ಡ್ರಮ್ಮಿಗೆ ಚಾದ ಚಮಚಾದಿಂದ ಅಂದಾಜಿನ ಮ್ಯಾಲ ಹಾಕಿದೆ. 2 ಗ್ರಾಂ ಹಾಕಬೇಕಿತ್ತು. ಆಮ್ಯಾಲ ಅದೇ ಚಮಚಾ ತೂಗಿಸಿದರ 5 ಗ್ರಾಂ ದಾಟಿತ್ತು. ಗೊನಿ ಸೊಟ್ಟ ತಿರುಗಿದವು, ದೇಟು ಬಿರಸಾಗಿ ಮುಟ್ಟಿದರ ಲಟಕ್ ಅಂತ ಮುರಿತಿದ್ದವು. ವ್ಯಾಪಾರಿ ಬಂದ, ಅರ್ಧ ಎಕರೆ ನೋಡಿದ, ಮಾತಾಡದ ಹೊಳ್ಳಿ ಹೋದ. ಮನಿಯಾಕೆ ಏನೂ ಅನಲಿಲ್ಲ. ಬೈದಿದ್ದರ ಹಗುರಾಗತಿತ್ತು.

ಓಣಿಯಾಗ ಮಿಲಿಟರಿಯಿಂದ ನಿವೃತ್ತರಾದ ಅಣ್ಣಾವರು ಒಬ್ಬರು ಅದಾರ. ಕತಿ ಕೇಳಿ ಅಂದರು: "ತಮ್ಮಾ, ಕಾಡತೂಸಿನ ಮದ್ದು ಗ್ರೇನಿನ ಲೆಕ್ಕದಾಗ ತೂಗತಾರ. ಒಂದ ಗ್ರಾಂನಾಗ 15 ಗ್ರೇನ್ ಮ್ಯಾಲ ಬರತಾವ. ಮದ್ದು ಹೆಚ್ಚಾದರ ಬಂದೂಕೇ ಒಡೀತದ. ನಿಂದು ಬಾಗು ಒಡೀತು, ಅಷ್ಟ."

ಮನ್ಯಾಗ ಅಡಿಗಿ ತೂಗೋ ಮಶೀನು ಇತ್ತು. ಅದು 1, 2 ಅಂತ ಪೂರಾ ಗ್ರಾಂ ಅಷ್ಟ ತೋರಸತದ. 1 ಅಂದಾಗ ಒಳಗ ಅರ್ಧಾನೂ ಇರಬಹುದು, ಒಂದೂವರೆನೂ ಇರಬಹುದು. ಸಾಂಗಲಿ ಸರಾಫ ಕಟ್ಟೆಗೆ ಹೋದೆ. ಅಲ್ಲಿ ಒಬ್ಬ ಹಿರಿ ಅಕ್ಕಸಾಲಿಗರು, "ಹಿಂದಕ ಗುಲಗಂಜಿ ಇಟ್ಟು ತೂಗತಿದ್ದಿವಿ, 96 ಗುಂಜಿಗೆ ಒಂದ ತೊಲಿ" ಅಂತ ನಕ್ಕು, 0.01 ಗ್ರಾಂ ತೋರಸೋ ಸಣ್ಣ ತಕ್ಕಡಿ ಮುಂದಿಟ್ಟರು. "ಅಂಕಿ ಎಷ್ಟ ಸಣ್ಣದು ಅನ್ನೋದು ಆಮ್ಯಾಲ ನೋಡ್ರಿ. ಒಂದೇ ವಸ್ತು ಐದ ಸಲ ಇಟ್ಟು ತಗೀರಿ. ಐದೂ ಸಲ ಒಂದೇ ಅಂಕಿ ಬಂದರ ತಗೊಳ್ಳರಿ" ಅಂದರು. ಮೊದಲ ತಕ್ಕಡಿ ಮೂರನೇ ಸಲಕ್ಕ ತಪ್ಪಿತು. ಎರಡನೇದು ತಂದೆ, ಜೋಡಿ ತಾಳೆ ನೋಡಾಕ ಒಂದ ಬಟ್ಟೂ ತಂದೆ. ಬಟ್ಟು ಕಳಕೊಂಡವರು 2011ರಾಗ ಬಂದ ಮಾದರಿಯ ಒಂದ ರೂಪಾಯಿ ನಾಣ್ಯ ಇಟ್ಟು ನೋಡ್ರಿ, 3.79 ಗ್ರಾಂ ಹತ್ರ ಬರಬೇಕು. ಫ್ಯಾನಿನ ಗಾಳಿಗೂ ಅಂಕಿ ಕುಣೀತಾವ, ಅದಕ್ಕ ಕದಾ ಹಾಕಿ ತೂಗತೀನಿ.

ಕಾಯಿ ಅಳೆಯಾಕ ವರ್ನಿಯರ್ ಬ್ಯಾರೆ ಬೇಕು. 3-4 ಮಿ.ಮೀ. ಆದಾಗ ಒಮ್ಮೆ, 6-7 ಆದಾಗ ಒಮ್ಮೆ ಗೊನಿ ಅದ್ದತೀವಿ, ಕಣ್ಣಳತಿ ನಂಬಿದರ ಹೊತ್ತು ತಪ್ಪತದ. ಬಾಯಿ ಮುಚ್ಚಿದಾಗ ಸೊನ್ನಿಗೆ ಸರಿಯಾಗಿ ಕೂಡಬೇಕು, ಪ್ಲಾಸ್ಟಿಕಿಂದು ಬ್ಯಾಡ. ಕಾಯಿ ಒತ್ತಬ್ಯಾಡ್ರಿ, ಮೆತ್ತಗಿನ ಕಾಯಿ ಒತ್ತಿದರ ಅಳತಿ ಕಡಿಮಿ ಬರತದ. ತಂಬೂರಿ ಜವಾರಿಗೆ ದಾರ ಸರಿಸೋ ಮಿರಜದ ಕೈಗಳನ್ನ ನಾ ನೋಡೀನಿ, ಅಷ್ಟ ಹಗುರ ಹಿಡೀಬೇಕು.

ಮುಂದಿನ ಹಂಗಾಮಿನ್ಯಾಗ ಅದೇ ವ್ಯಾಪಾರಿ ಬಂದು ಗೊನಿ ಎತ್ತಿ ನೋಡಿ, "ಈ ಸಲ ಯಾರ ಕಡಿಂದ ಹೊಡಿಸೀರಿ ಕಾಕಾ?" ಅಂತ ಕೇಳಿದ. ತಕ್ಕಡಿ ತಂದು ತೋರಿಸಿದೆ. ಚಮಚಾ ಇನ್ನೂ ಐತಿ, ಸಕ್ಕರಿ ಡಬ್ಬಿಯಾಗ.