ಕೇಳಿ ಕಂಡ ಹೈದರಾಬಾದು

ಒಂದೇ ದಿನದಲ್ಲಿ ಊರನ್ನೆಲ್ಲ ತೋರಿಸುವ ಬಸ್ ಪ್ರವಾಸಗಳನ್ನು ಬರಿಯ ಓಟವೆಂದು ಹಲವರು ಮೂದಲಿಸುವುದುಂಟು. ಒಳ್ಳೆಯ ಮಾರ್ಗದರ್ಶಿ ದೊರೆತರೆ ಆ ಒಂದು ದಿನವೇ ಸಾಕೆಂಬುದು ನನ್ನ ಅನುಭವ.

1999ರ ದಸರಾ ರಜೆಯಲ್ಲಿ ಹೈದರಾಬಾದಿಗೆ ಹೋದಾಗ ನನ್ನ ಶ್ರೀಮತಿಯ ದೃಷ್ಟಿ ಬಹುಮಟ್ಟಿಗೆ ಕುಂದಿತ್ತು. “ಕಣ್ಣು ಕಾಣದವಳಿಗೆ ಊರು ನೋಡುವ ಹಂಬಲವೇಕೆ?” ಎಂದು ಆಕೆ ಹೊರಡಲು ಹಿಂಜರಿದಿದ್ದಳು. ನಮ್ಮ ಮಾರ್ಗದರ್ಶಿ ಯಾರೂ ಹೇಳದೆಯೇ ಇದನ್ನು ಅರಿತರು. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಆಕೆಯನ್ನು ಪ್ರಸಿದ್ಧ ಗಡಿಯಾರದ ಎದುರು ಕುಳ್ಳಿರಿಸಿ, ಪುಟ್ಟ ಬೊಂಬೆ ಹೊರಬಂದು ಹನ್ನೆರಡು ಗಂಟೆ ಬಾರಿಸುವುದನ್ನು ಕೇಳಿಸಿದರು. ಗೋಲ್ಕೊಂಡದಲ್ಲಿ ನಮ್ಮ ಮಗಳೊಡನೆ ಹೆಬ್ಬಾಗಿಲ ಗುಮ್ಮಟದಡಿ ನಿಲ್ಲಿಸಿ, “ಅಮ್ಮಾ, ನಾವು ಮೇಲೇರಿದ ಬಳಿಕ ಚಪ್ಪಾಳೆ ತಟ್ಟುತ್ತಿರಿ” ಎಂದು ಹಿಂದಿಯಲ್ಲಿ ಹೇಳಿದರು. ಯಾರಾದರೂ ಬಂದರೆ ಮೇಲಿನವರಿಗೆ ಸುದ್ದಿ ಮುಟ್ಟಿಸಲು ಕುತುಬ್ ಶಾಹಿಗಳ ಕಾಲದಲ್ಲಿದ್ದ ಏರ್ಪಾಡದು. ನೂರಾರು ಮೆಟ್ಟಿಲೇರಿ ಬಾಲಾ ಹಿಸ್ಸಾರ್ ತಲುಪಿದ ನಮಗೆ, ಸುಮಾರು ಒಂದು ಕಿಲೋಮೀಟರು ದೂರದಿಂದ ಆಕೆಯ ಚಪ್ಪಾಳೆ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ಹರ್ಷದಿಂದ ಕೂಗಿಕೊಂಡರು.

ಹಿಂದಿರುಗುವಾಗ ಬಸ್ಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತನಾಡಿದವಳು ಆಕೆಯೇ.

ಶಿಷ್ಯಮಿತ್ರರೇ, ನಿಮ್ಮಲ್ಲಿ ಅನೇಕರು ಈಗ ಉಪಾಧ್ಯಾಯರು. ಎದುರಿಗಿರುವವರಲ್ಲಿ ಏನಿಲ್ಲವೆಂದು ಎಣಿಸದೆ, ಏನಿದೆಯೋ ಅಲ್ಲಿಂದಲೇ ಪಾಠ ಆರಂಭಿಸಿರಿ. ಆ ಮಾರ್ಗದರ್ಶಿ ಮಾಡಿದ್ದು ಅಷ್ಟೇ.